ಭೀಮನ ಅಸ್ಥಿಪಂಜರ, ಅಜ್ಜಿಯ ಒಳ್ಳೆ ಕೈ ಮತ್ತು ರಟ್ಟೆ ಮೂಳೆಗೆ ಲೆಕ್ಕ ಬರೆದ ಕಾರ್ಲ್ ಪಿಯರ್ಸನ್

ಹೋದ ವರ್ಷ ಒಂದೇ ವಾರದಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಎರಡು ಮೆಸೇಜ್ ಬಂದವು.

ಮೊದಲನೆಯದನ್ನು ನೀವೂ ನೋಡಿರುತ್ತೀರಿ. ದೊಡ್ಡ ಗುಂಡಿಯೊಳಗೆ ದೈತ್ಯ ಅಸ್ಥಿಪಂಜರ ಮಲಗಿದೆ, ಅದರ ಪಕ್ಕದಲ್ಲಿ ಇರುವೆಯಷ್ಟು ಕಾಣುವ ಒಬ್ಬ ಮನುಷ್ಯ ಅಗೆಯುತ್ತಿದ್ದಾನೆ. ಇದು ಘಟೋತ್ಕಚನ ಮೂಳೆ, 60 ಅಡಿ ಉದ್ದವಿದೆ, ಸರ್ಕಾರ ಮುಚ್ಚಿಟ್ಟಿದೆ, ಹತ್ತು ಜನರಿಗೆ ಕಳಿಸಿ ಎಂದು ಕೆಳಗೆ ಬರೆದಿತ್ತು. ಮದ್ದೂರಿನ ನಮ್ಮ ಮಾವ ಅದಕ್ಕೆ ತಮ್ಮದೂ ಒಂದು ಸಾಲು ಸೇರಿಸಿದ್ದರು. ಇದು ಪಾಂಡವಪುರದ ಕುಂತಿಬೆಟ್ಟದ ಹತ್ತಿರವೇ ಸಿಕ್ಕಿದ್ದಂತೆ, ಘಟೋತ್ಕಚನದಲ್ಲ, ಭೀಮನದೇ ಇರಬೇಕಂತೆ.

ಎರಡನೆಯದು ನಮ್ಮ ಅಜ್ಜಿಯ ವಿಷಯ. ಮಳವಳ್ಳಿಯ ಮನೆಯಲ್ಲಿ ಬಚ್ಚಲಿಗೆ ಹೋದವರು ಜಾರಿ ಬಿದ್ದು ಎಡಗೈ ರಟ್ಟೆಯ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಎಡಗೈ ಎಕ್ಸ್-ರೇ ಆದಮೇಲೆ, ಚೆನ್ನಾಗಿದ್ದ ಬಲಗೈಯದೂ ಒಂದು ತೆಗೆಸಿ ಅಂದರು. ಚಿಕ್ಕಪ್ಪನಿಗೆ ಸಿಟ್ಟು ಬಂತು. ಮುರಿದಿರುವುದು ಎಡಗೈ, ದುಡ್ಡು ಹೊಡೆಯುವುದಕ್ಕೆ ಒಳ್ಳೆ ಕೈಗೂ ಎಕ್ಸ್-ರೇ ತೆಗೆಯುತ್ತಾರೆ, ಎಲ್ಲರೂ ಹುಷಾರಾಗಿರಿ ಎಂದು ಬರೆದು ರಸೀದಿಯ ಫೋಟೊ ಸಮೇತ ಕಳಿಸಿದರು. ಅದು ಸಂಜೆಯೊಳಗೆ ಮಂಡ್ಯದ ಮೂರ್ನಾಲ್ಕು ಗುಂಪು ಸುತ್ತಿತು.

ಈ ಎರಡೂ ಮೆಸೇಜ್‌ಗಳಿಗೆ ಉತ್ತರ ಇರುವುದು ಒಂದೇ ಮೂಳೆಯಲ್ಲಿ. ಭುಜದಿಂದ ಮೊಣಕೈವರೆಗಿನ ಆ ಮೂಳೆಗೆ ನಾವು ರಟ್ಟೆ ಮೂಳೆ ಅನ್ನುತ್ತೇವೆ, ಡಾಕ್ಟರುಗಳು ಹ್ಯೂಮರಸ್ ಅನ್ನುತ್ತಾರೆ. ಆ ಮೂಳೆಯನ್ನು ಅಳೆದು ಮನುಷ್ಯನ ಎತ್ತರ ಹೇಳುವ ಲೆಕ್ಕವನ್ನು 1899ರಲ್ಲಿ ಬರೆದುಕೊಟ್ಟವರು ಕಾರ್ಲ್ ಪಿಯರ್ಸನ್ ಎಂಬ ಇಂಗ್ಲಿಷ್ ಗಣಿತಜ್ಞ. ಅವರು ಡಾಕ್ಟರಲ್ಲ, ಒಂದು ದಿನವೂ ರೋಗಿಯನ್ನು ನೋಡಿದವರಲ್ಲ. ಆದರೂ ಇವತ್ತು ಆಸ್ಪತ್ರೆಗಳಲ್ಲಿ ನಡೆಯುವ ಅಳತೆಯ ಕೆಲಸದ ಹಿಂದೆ ಅವರ ಲೆಕ್ಕವಿದೆ. ಅದೇ ಅಳತೆಗೋಲನ್ನು ಅವರು ಬಹಳ ತಪ್ಪಾದ ಜಾಗದಲ್ಲೂ ಇಟ್ಟರು. ಅವರ ಜೀವನವನ್ನು ಎರಡೂ ಕಡೆಯಿಂದ ನೋಡೋಣ.

ಹಟಮಾರಿ ಹುಡುಗ

ಪಿಯರ್ಸನ್ ಹುಟ್ಟಿದ್ದು 1857ರ ಮಾರ್ಚ್ 27ರಂದು, ಲಂಡನ್ನಿನಲ್ಲಿ. ತಂದೆ ವಕೀಲರು. ಆರೋಗ್ಯ ಸರಿಯಿಲ್ಲದೆ ಹುಡುಗ ಶಾಲೆ ಬಿಟ್ಟು ಮನೆಪಾಠದಲ್ಲಿ ಓದಬೇಕಾಯಿತು. ಹಾಗಿದ್ದೂ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು ಸೇರಿ, 1879ರಲ್ಲಿ ಅಲ್ಲಿನ ಕಠಿಣ ಗಣಿತ ಪರೀಕ್ಷೆಯಲ್ಲಿ ಮೂರನೇ ಸ್ಥಾನ ಪಡೆದರು.

ಕಾಲೇಜಿನಲ್ಲೇ ಅವರ ಸ್ವಭಾವ ಗೊತ್ತಾಗಿತ್ತು. ವಿದ್ಯಾರ್ಥಿಗಳು ಪ್ರಾರ್ಥನೆಗೆ ಬರಲೇಬೇಕೆಂಬ ನಿಯಮವನ್ನು ಅವರು ವಿರೋಧಿಸಿದರು. ಕಡ್ಡಾಯ ತಪ್ಪಿದ ಮೇಲೆ ತಾವಾಗಿಯೇ ಪ್ರಾರ್ಥನೆಗೆ ಹೋಗಿ ಕೂತರು. ಅವರ ಜಗಳ ದೇವರ ಜೊತೆಗಲ್ಲ, ಬಲವಂತದ ಜೊತೆಗೆ.

ಆಮೇಲೆ ಜರ್ಮನಿಗೆ ಹೋದರು. ಅಲ್ಲಿ ಭೌತಶಾಸ್ತ್ರ, ತತ್ವಶಾಸ್ತ್ರ, ರೋಮನ್ ಕಾನೂನು, ಹಳೆಯ ಜರ್ಮನ್ ಸಾಹಿತ್ಯ ಎಲ್ಲವನ್ನೂ ಓದಿದರು. ಇಂಗ್ಲಿಷ್ ರೀತಿಯಲ್ಲಿ 'ಸಿ' ಅಕ್ಷರದಿಂದ ಬರೆಯುತ್ತಿದ್ದ ತಮ್ಮ ಹೆಸರನ್ನು ಜರ್ಮನ್ನರ ಹಾಗೆ 'ಕೆ' ಅಕ್ಷರದಿಂದ ಬರೆಯತೊಡಗಿದರು. 1881ರಲ್ಲಿ ವಕೀಲಿಕೆಗೂ ಅರ್ಹರಾದರು. ಕೊನೆಗೆ 1884ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಆದಾಗ ಅವರಿಗೆ 27 ವರ್ಷ.

ಪಾಠ ಮಾಡುವ ರೀತಿಯೂ ವಿಚಿತ್ರ. ಸಂಭವನೀಯತೆ ಅಂದರೆ ಏನೆಂದು ತೋರಿಸಲು ಹತ್ತು ಸಾವಿರ ನಾಣ್ಯಗಳನ್ನು ನೆಲಕ್ಕೆ ಚೆಲ್ಲಿ, ತಲೆ ಎಷ್ಟು ಬಿತ್ತು ಎಣಿಸಿ ಎಂದು ವಿದ್ಯಾರ್ಥಿಗಳನ್ನು ಕೂರಿಸಿದರು. ತಾವೇ ಒಂದು ನಾಣ್ಯವನ್ನು 24,000 ಸಲ ಚಿಮ್ಮಿ ನೋಡಿದ್ದೂ ಉಂಟು. 12,012 ಸಲ ತಲೆ ಬಿತ್ತು. ಪುಸ್ತಕದಲ್ಲಿ ಅರ್ಧ ಅಂತಿದ್ದರೂ ಅವರಿಗೆ ಸಾಲದು, ಕೈಯಾರೆ ಎಣಿಸಬೇಕು.

ಏಡಿಯಿಂದ ಮೊಳದವರೆಗೆ

ಗಣಿತದ ಮೇಷ್ಟ್ರು ಮೂಳೆಗೆ ಬಂದದ್ದು ಏಡಿಗಳ ದಾರಿಯಲ್ಲಿ. ಅದೇ ಕಾಲೇಜಿಗೆ ವಾಲ್ಟರ್ ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ಬಂದರು. ಸಮುದ್ರದ ಏಡಿಗಳನ್ನು ರಾಶಿ ರಾಶಿ ಅಳೆದಿಟ್ಟುಕೊಂಡಿದ್ದ ಅವರು, ಈ ಅಳತೆಗಳಿಂದ ಏನು ಗೊತ್ತಾಗುತ್ತದೆ ಎಂದು ಪಿಯರ್ಸನ್ ಅವರನ್ನು ಕೇಳಿದರು. ಅಲ್ಲಿಂದ ಪಿಯರ್ಸನ್ ಹಿಂತಿರುಗಿ ನೋಡಲಿಲ್ಲ. ಇವತ್ತು ಪಿಯುಸಿ ಮಕ್ಕಳು ಕಲಿಯುವ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತು ಹಿಸ್ಟೋಗ್ರಾಮ್ ಎಂಬ ಹೆಸರುಗಳು ಅವರು ಇಟ್ಟವು. 1900ರಲ್ಲಿ ಅವರು ಕೊಟ್ಟ ಕೈ-ವರ್ಗ ಪರೀಕ್ಷೆ ಇಲ್ಲದೆ ಇವತ್ತಿಗೂ ಎಷ್ಟೋ ವೈದ್ಯಕೀಯ ಸಂಶೋಧನೆ ಮುಗಿಯುವುದಿಲ್ಲ.

ಇನ್ನೊಬ್ಬ ಗುರು ಫ್ರಾನ್ಸಿಸ್ ಗಾಲ್ಟನ್. ಇವರು ಚಾರ್ಲ್ಸ್ ಡಾರ್ವಿನ್ನರ ಸಂಬಂಧಿ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅಂಗಡಿ ಇಟ್ಟ ಹಾಗೆ ಅಳತೆಯ ಕೋಣೆ ತೆರೆದು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಎತ್ತರ, ತೂಕ, ತೋಳು ಎಲ್ಲ ಅಳೆದವರು. 1888ರಲ್ಲಿ ಗಾಲ್ಟನ್ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಒಂದು ಅಳತೆಯನ್ನು ಎತ್ತಿಕೊಂಡರು. ಅದು ಮೊಳ.

ಮಂಡ್ಯದ ಮಾರ್ಕೆಟ್ಟಿನಲ್ಲಿ ಇವತ್ತೂ ಹೂವು ಮಾರುವುದು ಮೊಳದ ಲೆಕ್ಕದಲ್ಲಿ. ಉದ್ದ ಕೈಯವರ ಮೊಳ ಉದ್ದ, ಗಿಡ್ಡ ಕೈಯವರದು ಗಿಡ್ಡ. ಹಾಗಾದರೆ ಮೊಳ ಉದ್ದವಿದ್ದವರು ಎತ್ತರವೂ ಇರುತ್ತಾರೆಯೇ? ಸಾಮಾನ್ಯವಾಗಿ ಹೌದು, ಆದರೆ ಪ್ರತಿಸಲವೂ ಅಲ್ಲ. ಈ 'ಸಾಮಾನ್ಯವಾಗಿ'ಗೆ ಒಂದು ಅಂಕಿ ಕೊಡಬಹುದು ಎಂದು ಗಾಲ್ಟನ್ ತೋರಿಸಿದರು. ಸಂಬಂಧವೇ ಇಲ್ಲದಿದ್ದರೆ 0, ಒಂದು ಗೊತ್ತಾದರೆ ಇನ್ನೊಂದು ಕರಾರುವಾಕ್ಕಾಗಿ ಗೊತ್ತಾಗುವ ಹಾಗಿದ್ದರೆ 1. ಮೊಳಕ್ಕೂ ಎತ್ತರಕ್ಕೂ ಅವರಿಗೆ ಸಿಕ್ಕಿದ್ದು 0.8. ಆ ಅಂಕಿ ಕಂಡುಹಿಡಿಯುವ ಸೂತ್ರವನ್ನು ಈಗ ನಾವು ಬಳಸುವ ರೂಪಕ್ಕೆ ತಂದವರು ಪಿಯರ್ಸನ್, 1896ರಲ್ಲಿ.

100 ಶವ, ಒಂದು ಸೂತ್ರ

ಹಳೆಯ ಕಾಲದ ಜನ ಎಷ್ಟು ಎತ್ತರ ಇದ್ದರು? ಅವರಂತೂ ಇಲ್ಲ, ಉಳಿದಿರುವುದು ಮೂಳೆ ಮಾತ್ರ. ಅದೂ ಎಷ್ಟೋ ಸಲ ಪೂರ್ತಿ ಅಸ್ಥಿಪಂಜರವಲ್ಲ, ಒಂದು ತೊಡೆ ಮೂಳೆ, ಒಂದು ರಟ್ಟೆ ಮೂಳೆ.

ಫ್ರಾನ್ಸಿನಲ್ಲಿ ರೊಲೆ ಎಂಬ ವೈದ್ಯರು 1888ರಲ್ಲಿ 50 ಗಂಡಸರ ಮತ್ತು 50 ಹೆಂಗಸರ ಶವಗಳನ್ನು ಅಳೆದು, ಅವರವರ ಎತ್ತರದ ಪಕ್ಕದಲ್ಲೇ ಕೈಕಾಲು ಮೂಳೆಗಳ ಉದ್ದ ಬರೆದಿಟ್ಟಿದ್ದರು. ಪಿಯರ್ಸನ್ ಆ ನೂರು ಜನರ ಪಟ್ಟಿಯನ್ನು ಎತ್ತಿಕೊಂಡರು. 1899ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ರಟ್ಟೆ ಮೂಳೆಗೆ ಈ ಸೂತ್ರವಿದೆ.

ಗಂಡಸರಿಗೆ: ಎತ್ತರ = 70.641 + (2.894 × ಮೂಳೆಯ ಉದ್ದ)
ಹೆಂಗಸರಿಗೆ: ಎತ್ತರ = 71.475 + (2.754 × ಮೂಳೆಯ ಉದ್ದ)

ಎಲ್ಲವೂ ಸೆಂಟಿಮೀಟರಿನಲ್ಲಿ. ಗಂಡಸಿನ ರಟ್ಟೆ ಮೂಳೆ 32 ಸೆಂಟಿಮೀಟರ್ ಇದ್ದರೆ ಎತ್ತರ ಸುಮಾರು 163, ಅಂದರೆ 5 ಅಡಿ 4 ಇಂಚು. ಹೆಂಗಸಿನದು 29 ಇದ್ದರೆ ಎತ್ತರ ಸುಮಾರು 151.

ಇದರಲ್ಲಿ ಜಾಣತನ ಎಲ್ಲಿದೆ? ಮೂಳೆಯನ್ನು ಐದರಿಂದ ಗುಣಿಸಿದರೆ ಸಾಲದೇ ಅನ್ನಿಸಬಹುದು. ಸಾಲದು. ಮೂಳೆ 32ರ ಬದಲು 35.2 ಇದೆ ಅನ್ನಿ, ಅಂದರೆ ನೂರಕ್ಕೆ ಹತ್ತರಷ್ಟು ಉದ್ದ. ಬರೀ ಗುಣಾಕಾರದ ಪ್ರಕಾರ ಎತ್ತರವೂ ಹತ್ತರಷ್ಟು ಏರಿ 179 ದಾಟಬೇಕು. ಪಿಯರ್ಸನ್ ಸೂತ್ರದಲ್ಲಿ 172.5 ಬರುತ್ತದೆ, ಏರಿದ್ದು ನೂರಕ್ಕೆ ಆರರಷ್ಟೂ ಇಲ್ಲ. ಯಾಕೆಂದರೆ ಕೈ ಬಹಳ ಉದ್ದ ಇರುವವರ ಬೆನ್ನು, ಕಾಲು, ಕತ್ತು ಎಲ್ಲವೂ ಅಷ್ಟೇ ಉದ್ದ ಇರಬೇಕೆಂದಿಲ್ಲ. ನಿಜವಾದ ಜನರನ್ನು ಅಳೆದಾಗ ಸಿಗುವುದು ಈ ಸತ್ಯ. ಕೈ ನೋಡಿ ಆಳನ್ನು ಊಹಿಸುವಾಗ ನಾವು ಯಾವಾಗಲೂ ಅತಿ ಮಾಡುತ್ತೇವೆ, ಪಿಯರ್ಸನ್ ಆ ಅತಿಯನ್ನು ಲೆಕ್ಕ ಹಾಕಿ ಕಳೆದರು.

ಇದರ ಜೊತೆಗೆ ಅವರು ಇನ್ನೊಂದು ಕೆಲಸ ಮಾಡಿದರು. ಉತ್ತರ ಎಷ್ಟು ತಪ್ಪಬಹುದು ಎಂಬುದನ್ನೂ ಉತ್ತರದ ಪಕ್ಕದಲ್ಲೇ ಬರೆದರು. ಒಂದೇ ಮೂಳೆಯಿಂದ ಹೇಳಿದ ಎತ್ತರ ಹಲವು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗಬಹುದು. ತಪ್ಪಿನ ಅಳತೆಯನ್ನೂ ಹೇಳುವುದು ಫಾರ್ವರ್ಡ್‌ಗಳಲ್ಲಿ ನಮಗೆ ಎಂದೂ ಸಿಗದ ಮರ್ಯಾದೆ.

ಹಾಗಾದರೆ 60 ಅಡಿಯ ಆಳು?

ಈಗ ಮಾವನ ಫಾರ್ವರ್ಡ್‌ಗೆ ಬರೋಣ. ಎತ್ತರ 60 ಅಡಿ ಅಂದರೆ ಸುಮಾರು 1,829 ಸೆಂಟಿಮೀಟರ್. ಸೂತ್ರವನ್ನು ತಿರುಗಿಸಿ ಹಾಕಿದರೆ ರಟ್ಟೆ ಮೂಳೆ ಒಂದೇ 6 ಮೀಟರ್ ದಾಟುತ್ತದೆ, ಅಂದರೆ ಹತ್ತಿರ ಹತ್ತಿರ 20 ಅಡಿ. ನಿಜ ಹೇಳಬೇಕೆಂದರೆ ಇಲ್ಲಿ ಸೂತ್ರ ಹಾಕುವುದೇ ತಪ್ಪು. ಅದು ಮಾಮೂಲಿ ಎತ್ತರದ ಜನರನ್ನು ಅಳೆದು ಮಾಡಿದ್ದು, ಆ ಮಿತಿಯ ಆಚೆಗೆ ಅದಕ್ಕೆ ಬೆಲೆ ಇಲ್ಲ.

ಅಂಥ ದೇಹ ನಿಲ್ಲುವುದಿಲ್ಲ ಎನ್ನಲು ಬೇರೆ ಕಾರಣವೇ ಇದೆ. ಇದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ವಿವರಿಸಿದ್ದರು. ಆರಡಿ ಮನುಷ್ಯನನ್ನು ಅದೇ ಆಕಾರದಲ್ಲಿ 60 ಅಡಿಗೆ ಹಿಗ್ಗಿಸಿ. ಎತ್ತರ 10 ಪಟ್ಟು. ಮೂಳೆಯ ದಪ್ಪ, ಅಂದರೆ ಅಡ್ಡ ಕತ್ತರಿಸಿದರೆ ಕಾಣುವ ಜಾಗ, 100 ಪಟ್ಟು. ಆದರೆ ತೂಕ 1,000 ಪಟ್ಟು. 60 ಕೆಜಿಯವನು 60 ಟನ್ ಆಗುತ್ತಾನೆ, ಹತ್ತಕ್ಕೂ ಹೆಚ್ಚು ಆನೆಗಳ ತೂಕ. ಮೂಳೆಯ ಪ್ರತಿ ಅಂಗುಲದ ಮೇಲೆ ಬೀಳುವ ಭಾರ ನಮ್ಮದಕ್ಕಿಂತ ಹತ್ತು ಪಟ್ಟು. ಅವನು ಓಡುವುದಿರಲಿ, ಎದ್ದು ನಿಂತು ಎರಡು ಹೆಜ್ಜೆ ಇಡುವುದೇ ಕಷ್ಟ. ಆನೆಯ ಕಾಲು ಕಂಬದ ಹಾಗೆ ಇರುವುದು, ಜಿಂಕೆಯ ಕಾಲು ಕಡ್ಡಿಯ ಹಾಗೆ ಇರುವುದು ಇದೇ ಕಾರಣಕ್ಕೆ. ಫಾರ್ವರ್ಡಿನ ಅಸ್ಥಿಪಂಜರ ನೋಡಿ, ಅದು ದೊಡ್ಡದಾಗಿದೆ ಅಷ್ಟೇ, ಆಕಾರ ನಮ್ಮ ನಿಮ್ಮದೇ. ಫೋಟೊ ಸುಳ್ಳು ಎನ್ನಲು ಅಷ್ಟು ಸಾಕು.

ಫೋಟೊ ಎಲ್ಲಿಂದ ಬಂತೆಂಬುದೂ ಗೊತ್ತಿದೆ. 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ಮ್ಯಾಸ್ಟೊಡಾನ್ ಎಂಬ ಅಳಿದುಹೋದ ಆನೆಜಾತಿಯ ಪ್ರಾಣಿಯ ಮೂಳೆ ಅಗೆಯುತ್ತಿದ್ದ ಚಿತ್ರ ಅದು. 2002ರಲ್ಲಿ ಫೋಟೊ ತಿದ್ದುವ ಆನ್‌ಲೈನ್ ಸ್ಪರ್ಧೆಯೊಂದಕ್ಕೆ ಒಬ್ಬ ಕಲಾವಿದ ಅದರಲ್ಲಿ ಮನುಷ್ಯನ ಅಸ್ಥಿಪಂಜರ ಕೂರಿಸಿದರು. ಮೋಸ ಮಾಡುವ ಉದ್ದೇಶವೂ ಅವರಿಗಿರಲಿಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಇದನ್ನು 2007ರಲ್ಲೇ ವಿವರಿಸಿತ್ತು. ಫೋಟೊ ಮಾತ್ರ ಇವತ್ತಿಗೂ ಒಂದೊಂದು ಊರಿನಲ್ಲಿ ಒಂದೊಂದು ಹೆಸರು ಪಡೆಯುತ್ತಾ ತಿರುಗುತ್ತಿದೆ.

ಕುಂತಿಬೆಟ್ಟದಲ್ಲಿ ಪಾಂಡವರು ಇದ್ದರು, ಭೀಮ ಬಕಾಸುರನನ್ನು ಕೊಂದ ಎಂಬ ಕಥೆ ಕೇಳಿಯೇ ನಾವೆಲ್ಲ ಬೆಳೆದವರು. ಮದ್ದೂರಿಗೂ ಅರ್ಜುನಪುರಿ ಎಂಬ ಹೆಸರಿದೆ. ಆ ಕಥೆಗಳಿಗೆ ಇದರಿಂದ ಏನೂ ಆಗುವುದಿಲ್ಲ. ಭೀಮನ ದೊಡ್ಡತನ ನಿಲ್ಲಲು ಅಮೆರಿಕದ ಆನೆಮೂಳೆಯ ಫೋಟೊ ಬೇಕಾಗಿಲ್ಲ. ನಿಜವಾದ ಹಳೆಯ ಮೂಳೆ ಬೇಕೆಂದರೆ ಮಳವಳ್ಳಿಯ ಪಕ್ಕದಲ್ಲೇ ಇರುವ ತಿರುಮಕೂಡಲು ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರ ನೇತೃತ್ವದ ಅಗೆತದಲ್ಲಿ ಹೊಸ ಶಿಲಾಯುಗದ ಸಮಾಧಿಗಳು ಸಿಕ್ಕಿವೆ. ಅವು ನಮ್ಮ ನಿಮ್ಮಂಥ ಅಳತೆಯ ಮನುಷ್ಯರವು.

ಒಳ್ಳೆ ಕೈಗೆ ಯಾಕೆ ಎಕ್ಸ್-ರೇ?

ಇನ್ನು ಅಜ್ಜಿಯ ಕೈ. ಚಿಕ್ಕಪ್ಪನ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಆಸ್ಪತ್ರೆಯ ಮೇಲೆ ನಂಬಿಕೆ ಹೋಗಿ, ಅಜ್ಜಿಯನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗಿ ನಾಟಿ ಕಟ್ಟು ಹಾಕಿಸೋಣ ಎಂದು ಕೂತರು. ಮನೆಯಲ್ಲಿ ಎರಡು ದಿನ ಅದೇ ವಾದ. ಆ ಎರಡು ದಿನವೂ ಅಜ್ಜಿ ಕೈಯನ್ನು ಎದೆಗೆ ಒತ್ತಿಕೊಂಡು ನಿದ್ದೆ ಇಲ್ಲದೆ ಕಳೆದರು. ಮೂರನೇ ದಿನ ನಾನು ಡಾಕ್ಟರನ್ನೇ ಹೋಗಿ ಕೇಳಿದೆ. ಅವರು ಎರಡು ಎಕ್ಸ್-ರೇಗಳನ್ನೂ ಬೆಳಕಿಗೆ ಹಿಡಿದು ತೋರಿಸಿದರು.

ಎಡಗೈಯ ಮೂಳೆ ನಡುವೆ ಹಲವು ಚೂರಾಗಿತ್ತು. ಎಲ್ಲ ಮುರಿತಕ್ಕೂ ಆಪರೇಷನ್ ಬೇಕಾಗುವುದಿಲ್ಲ, ರಟ್ಟೆ ಮೂಳೆಯ ಎಷ್ಟೋ ಮುರಿತಗಳು ಪಟ್ಟಿ ಹಾಕಿದರೇ ಕೂಡಿಕೊಳ್ಳುತ್ತವೆ. ಅಜ್ಜಿಗೆ ಮಾತ್ರ ಮೂಳೆಯೊಳಗೆ ಉದ್ದನೆಯ ರಾಡು ಕೂರಿಸಬೇಕಿತ್ತು. ರಾಡು ಉದ್ದವಾದರೆ ಮೇಲ್ತುದಿ ಭುಜದ ಕೀಲಿಗೆ ಚುಚ್ಚಿ ಕೈ ಎತ್ತಲಾಗದು, ಇಲ್ಲವೇ ಚೂರುಗಳನ್ನು ದೂರ ತಳ್ಳಿ ಮೂಳೆ ಕೂಡದಂತೆ ಮಾಡುತ್ತದೆ. ಗಿಡ್ಡವಾದರೆ ಹಿಡಿತ ಸಾಲದು. ಹಾಗಾದರೆ ಸರಿಯಾದ ಉದ್ದ ಎಷ್ಟು? ಚೂರಾದ ಮೂಳೆ ಅದನ್ನು ಹೇಳಲಾರದು. ಹೇಳಬಲ್ಲದ್ದು ಅದೇ ಮನುಷ್ಯರ ಇನ್ನೊಂದು ಕೈ.

ಒಬ್ಬರ ಎಡ ಬಲ ರಟ್ಟೆ ಮೂಳೆಗಳ ಅಳತೆ ಬಹಳ ಹತ್ತಿರ ಇರುತ್ತದೆ, ಎತ್ತರಕ್ಕೂ ಮೊಳಕ್ಕೂ ಇರುವ ನಂಟಿಗಿಂತ ಗಟ್ಟಿಯಾದ ನಂಟು ಅದು. ಆದರೂ ಪೂರ್ತಿ ಒಂದೇ ಅಲ್ಲ. ಹೆಚ್ಚು ಕೆಲಸ ಮಾಡುವ ಕೈಯ ಮೂಳೆ ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಉದ್ದ ಇರುತ್ತದೆ. ಎಕ್ಸ್-ರೇಯಲ್ಲಿ ಮೂಳೆ ಇರುವುದಕ್ಕಿಂತ ತುಸು ದೊಡ್ಡದಾಗಿಯೂ ಕಾಣುತ್ತದೆ. ಇವೆರಡನ್ನೂ ಡಾಕ್ಟರು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಪ್ರತಿ ಮುರಿತಕ್ಕೂ ಎರಡೂ ಕೈ ಎಕ್ಸ್-ರೇ ಬೇಕಾಗುವುದಿಲ್ಲ, ಯಾಕೆಂದು ಕೇಳುವ ಹಕ್ಕು ನಮಗೆ ಇದ್ದೇ ಇದೆ. ಆದರೆ ಕೇಳುವುದಕ್ಕೂ ಮೊದಲೇ ಮೋಸ ಎಂದು ಊರಿಗೆಲ್ಲ ಸಾರುವುದು ಬೇರೆ.

ಉದ್ದ ಒಂದೇ ಅಲ್ಲ, ಈ ಮೂಳೆಯಲ್ಲಿ ಅಳೆಯಬೇಕಾದದ್ದು ಇನ್ನೂ ಇದೆ. ಮೇಲ್ತುದಿಯ ಗುಂಡು ಎಷ್ಟು ಅಗಲ, ಅದು ಕಂಬದ ಜೊತೆ ಎಷ್ಟು ಕೋನದಲ್ಲಿ ಕೂತಿದೆ (ಸಾಮಾನ್ಯವಾಗಿ 135 ಡಿಗ್ರಿಯ ಆಸುಪಾಸು), ಎಷ್ಟು ಹಿಂದಕ್ಕೆ ತಿರುಗಿದೆ ಎಂಬುದು ಕೃತಕ ಭುಜ ಕೂರಿಸುವಾಗ ಬೇಕು. ಮೂಳೆಗೆ ರಕ್ತನಾಳ ಒಳಹೋಗುವ ಸಣ್ಣ ತೂತು ಎಲ್ಲಿದೆ ಎಂಬುದು ಗೊತ್ತಿದ್ದರೆ ಆಪರೇಷನ್ನಿನಲ್ಲಿ ಅದನ್ನು ಉಳಿಸಬಹುದು. ಹಿಂಬದಿಯಲ್ಲಿ ಸುತ್ತಿಕೊಂಡು ಹೋಗುವ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತು ಬೀಳುತ್ತದೆ, ಆದ್ದರಿಂದ ಅದರ ದಾರಿಯೂ ಗೊತ್ತಿರಬೇಕು. ಮೆಡಿಕಲ್ ಕಾಲೇಜುಗಳ ಅನಾಟಮಿ ವಿಭಾಗದಲ್ಲಿ ಒಣ ಮೂಳೆಗಳನ್ನು ಅಳೆಯುವ ಹಲಗೆಯ ಮೇಲಿಟ್ಟು, ಕ್ಯಾಲಿಪರ್ ಹಿಡಿದು ವಿದ್ಯಾರ್ಥಿಗಳು ಬರೆದುಕೊಳ್ಳುವ ಅಂಕಿಗಳು ಕೊನೆಗೆ ಬರುವುದು ಇಲ್ಲಿಗೇ.

ಒಂದು ಎಚ್ಚರಿಕೆ. ಬಿಗಿಯಾಗಿ ಕಟ್ಟಿದಷ್ಟೂ ಮೂಳೆ ಬೇಗ ಕೂಡುತ್ತದೆ ಎಂಬುದು ಸುಳ್ಳು. ಕಟ್ಟು ಬಿಗಿಯಾಗಿ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿಯಾದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ರಕ್ತ ಓಡದೆ ಕೈಯೇ ಕೆಲಸಕ್ಕೆ ಬಾರದಂತಾಗಬಹುದು.

ಅಳತೆಗೋಲು ತಪ್ಪು ಜಾಗಕ್ಕೆ ಹೋದಾಗ

ಪಿಯರ್ಸನ್ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ತಲೆಬುರುಡೆ ದೊಡ್ಡದಾದರೆ ಬುದ್ಧಿ ಜಾಸ್ತಿ, ಹೆಂಗಸರ ಬುರುಡೆ ಚಿಕ್ಕದು, ಆದ್ದರಿಂದ ಅವರಿಗೆ ಬುದ್ಧಿ ಕಮ್ಮಿ ಎಂದು ಆ ಕಾಲದ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಪಿಯರ್ಸನ್ ಅವರ ಶಿಷ್ಯೆ ಆಲಿಸ್ ಲೀ ಇದನ್ನು ಪರೀಕ್ಷಿಸಲು ಸಭೆಯೊಂದಕ್ಕೆ ಸೇರಿದ್ದ ಅಂಗರಚನಾ ಪಂಡಿತರದೇ ತಲೆ ಅಳೆದರು. ಹೆಸರಾಂತ ಕೆಲವರ ಬುರುಡೆಯೇ ಪಟ್ಟಿಯ ಕೊನೆಯಲ್ಲಿತ್ತು. ಬುರುಡೆಯ ಗಾತ್ರಕ್ಕೂ ಬುದ್ಧಿಗೂ ನಂಟು ಕಾಣಲಿಲ್ಲ. ಪರೀಕ್ಷಕರಿಗೆ ಇದು ಹಿಡಿಸಲಿಲ್ಲ, ಆಕೆಗೆ ಪದವಿ ಸಿಗುವುದೇ ಅನುಮಾನವಾಯಿತು. ಪಿಯರ್ಸನ್ ಆಕೆಯ ಪರ ನಿಂತರು. 1904ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಟೈಫಾಯ್ಡ್ ಚುಚ್ಚುಮದ್ದಿನ ಅಂಕಿಗಳನ್ನು ಒಟ್ಟಿಗೆ ಸೇರಿಸಿ ನೋಡಿ, ಸಾಕ್ಷಿ ಇನ್ನೂ ಸಾಲದು ಎಂದು ಸೇನೆಗೆ ನೇರವಾಗಿ ಹೇಳಿದವರೂ ಅವರೇ.

ಆದರೆ ಅದೇ ಮನುಷ್ಯ, ಗಾಲ್ಟನ್ ಹುಟ್ಟುಹಾಕಿದ ಸುಸಂತಾನ ಶಾಸ್ತ್ರ ಎಂಬ ವಿಚಾರದ ದೊಡ್ಡ ಪ್ರಚಾರಕ. ಕೆಲವು ಜನಾಂಗಗಳು ಹುಟ್ಟಿನಿಂದ ಮೇಲು, ಕೆಲವು ಕೀಳು, ಮೇಲಿನವರು ಕೀಳಿನವರ ಜಾಗ ಹಿಡಿಯುವುದೇ ಪ್ರಗತಿ ಎಂದು 1900ರಲ್ಲಿ ಭಾಷಣ ಮಾಡಿದರು. ಗಾಲ್ಟನ್ 1911ರಲ್ಲಿ ಸತ್ತಾಗ ಅವರು ಬಿಟ್ಟುಹೋದ ಹಣದಲ್ಲಿ ಸ್ಥಾಪನೆಯಾದ ಆ ಶಾಸ್ತ್ರದ ಪ್ರೊಫೆಸರ್ ಹುದ್ದೆಗೆ ಮೊದಲು ಕೂತವರು ಪಿಯರ್ಸನ್. 1925ರಲ್ಲಿ ಲಂಡನ್ನಿಗೆ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳನ್ನು ಅಳೆದು, ಇವರು ನಮ್ಮವರಿಗೆ ಸಮನಲ್ಲ ಎಂಬ ತೀರ್ಮಾನ ಪ್ರಕಟಿಸಿದರು. ಸೂತ್ರಗಳು ದೋಷವಿಲ್ಲದ್ದೇ ಇರಬಹುದು. ಮಕ್ಕಳ ಬಡತನ, ಊಟ, ಹೊಸ ದೇಶದ ಕಷ್ಟ ಇವನ್ನೆಲ್ಲ ರಕ್ತದ ಗುಣ ಎಂದು ಓದಿದ್ದು ಅವರ ಮನಸ್ಸು.

ರಟ್ಟೆ ಮೂಳೆಯ ಸೂತ್ರದ ಪಕ್ಕದಲ್ಲಿ ತಪ್ಪಿನ ಅಳತೆ ಬರೆದಿಟ್ಟ ಮನುಷ್ಯ, ತಮ್ಮ ನಂಬಿಕೆಯ ಪಕ್ಕದಲ್ಲಿ ಅದನ್ನು ಬರೆಯಲಿಲ್ಲ. 2020ರಲ್ಲಿ ಅವರ ಅದೇ ಕಾಲೇಜು ತನ್ನ ಕಟ್ಟಡದಿಂದ ಮತ್ತು ಸಭಾಂಗಣದಿಂದ ಪಿಯರ್ಸನ್ ಹೆಸರನ್ನು ತೆಗೆದುಹಾಕಿತು.

ಹೂವಿನಹಡಗಲಿಯ ದಾರಿ

ಪಿಯರ್ಸನ್ ಮತ್ತು ಗೆಳೆಯರು 1901ರಲ್ಲಿ ಶುರುಮಾಡಿದ ಪತ್ರಿಕೆ ಬಯೋಮೆಟ್ರಿಕಾ. 1915ರಲ್ಲಿ ಕೇಂಬ್ರಿಡ್ಜಿನಲ್ಲಿ ಓದು ಮುಗಿಸಿದ ಬಂಗಾಳದ ಯುವಕನೊಬ್ಬ ಅದರ ಸಂಪುಟಗಳನ್ನು ಕೊಂಡು ಊರಿಗೆ ಹೊರಟ. ಅವರೇ ಪಿ. ಸಿ. ಮಹಲನೋಬಿಸ್. 1927ರಲ್ಲಿ ಪಿಯರ್ಸನ್ ಅವರ ಪ್ರಯೋಗಾಲಯದಲ್ಲೂ ಕೆಲಸ ಮಾಡಿ ಬಂದ ಅವರು 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು.

ಆ ಸಂಸ್ಥೆಗೆ 1941ರಲ್ಲಿ ಬಂದ ಒಬ್ಬ ತರುಣ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಅವರು ಸಿ. ಆರ್. ರಾವ್. ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಬಿಡಿಸಲು ಅವರನ್ನು 1946ರಲ್ಲಿ ಕೇಂಬ್ರಿಡ್ಜಿಗೆ ಕಳಿಸಲಾಯಿತು. ಮೂಳೆಯ ಅಂಕಿಗಳ ಜೊತೆ ಕೂತ ಆ ದಿನಗಳಲ್ಲೇ ಅವರ ಪಿಎಚ್‌ಡಿಯೂ ಆಯಿತು. ಮುಂದೆ ಅವರು ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ 2023ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಿಯರ್ಸನ್ ಸೂತ್ರವೂ ಹಾಗೇ ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಮೂಳೆಗಳನ್ನು ಗುರುತಿಸಿ ಮನೆಯವರಿಗೆ ಒಪ್ಪಿಸುವ ಕೆಲಸದಲ್ಲಿದ್ದ ಮಿಲ್ಡ್ರೆಡ್ ಟ್ರಾಟರ್ ಎಂಬಾಕೆ, ಗೋಲ್ಡಿನ್ ಗ್ಲೇಸರ್ ಜೊತೆ 1952ರಲ್ಲಿ ಹೊಸ ಸೂತ್ರಗಳನ್ನು ಕೊಟ್ಟರು. ಕೈಕಾಲಿನ ಅನುಪಾತ ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ನೂರು ಜನ ಫ್ರೆಂಚರ ಸೂತ್ರ ಮಂಡ್ಯದವರಿಗೆ ಹಾಗೇ ಹೊಂದುವುದಿಲ್ಲ. ಆದ್ದರಿಂದಲೇ ಭಾರತದ ಅನಾಟಮಿ ವಿಭಾಗಗಳು ಇಲ್ಲಿನ ಮೂಳೆಗಳನ್ನು ಇಲ್ಲೇ ಅಳೆಯುತ್ತವೆ. ಮೇಲೆ ಕೊಟ್ಟ ಸೂತ್ರವನ್ನು ನಿಮ್ಮ ಮೇಲೆ ಪ್ರಯೋಗಿಸಿ ಎತ್ತರ ಬೇರೆ ಬಂತೆಂದು ಗಾಬರಿಯಾಗಬೇಡಿ, ಚರ್ಮದ ಮೇಲಿಂದ ಟೇಪು ಹಿಡಿದರೆ ಮೂಳೆಯ ನಿಜವಾದ ಉದ್ದವೂ ಸಿಗುವುದಿಲ್ಲ.

ಕೊನೆಯ ವರ್ಷಗಳಲ್ಲೂ ಪಿಯರ್ಸನ್ ಅಳೆಯುವುದನ್ನು ಬಿಡಲಿಲ್ಲ. ಮುನ್ನೂರು ವರ್ಷ ಹಳೆಯದೆಂದು ಹೇಳುತ್ತಿದ್ದ ಒಂದು ಒಣಗಿದ ತಲೆಯನ್ನು ಅಳೆದು, ಅದು ಆಲಿವರ್ ಕ್ರಾಮ್‌ವೆಲ್‌ನದೇ ಇರುವುದು ಬಹಳ ಸಂಭವನೀಯ ಎಂದು ಸಹೋದ್ಯೋಗಿಯ ಜೊತೆ 1934ರಲ್ಲಿ ಬರೆದರು. ಮರುವರ್ಷ ಸರ್ಕಾರ ಕೊಡಲು ಬಂದ ಸರ್ ಪದವಿಯನ್ನು ಬೇಡವೆಂದರು. 1936ರ ಏಪ್ರಿಲ್ 27ರಂದು ತೀರಿಕೊಂಡರು.

ಕಳಿಸುವ ಮುನ್ನ

ಅಜ್ಜಿಯ ಆಪರೇಷನ್ ನಾಲ್ಕನೇ ದಿನ ಆಯಿತು. ರಾಡಿನ ಉದ್ದ ಸರಿಯಾಗಿ ಕೂತಿತು. ಆರು ತಿಂಗಳಲ್ಲಿ ಅವರು ಎಡಗೈಯಲ್ಲಿ ತಲೆ ಬಾಚಿಕೊಳ್ಳುವಷ್ಟಾದರು. ಚಿಕ್ಕಪ್ಪ ಗುಂಪಿನಿಂದ ತಮ್ಮ ಮೆಸೇಜನ್ನು ಅಳಿಸಿದರು. ನನ್ನ ಬಳಿ ಏನೂ ಹೇಳಲಿಲ್ಲ, ಅಜ್ಜಿಯನ್ನು ಪ್ರತಿ ಸಲ ಚೆಕಪ್‌ಗೆ ಕರೆದುಕೊಂಡು ಹೋದವರು ಅವರೇ.

ಆದರೆ ಅಳಿಸಿದ್ದು ನಮ್ಮ ಗುಂಪಿನಿಂದ ಮಾತ್ರ. ಮೊನ್ನೆ ಮಂಡ್ಯದ ಪರಿಚಯದವರೊಬ್ಬರು ನನಗೆ ಒಂದು ಫಾರ್ವರ್ಡ್ ಕಳಿಸಿ, ಇದು ನಿಜವಾ ನೋಡಿ ಹೇಳು ಎಂದು ಕೇಳಿದರು. ತೆರೆದು ನೋಡಿದರೆ ಅದೇ ರಸೀದಿ. ಅಜ್ಜಿಯ ಹೆಸರನ್ನು ಯಾರೋ ಅರ್ಧ ಉಜ್ಜಿ ಹಾಕಿದ್ದರು. ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು, ಆ ಮುದುಕಿ ಕೈಯನ್ನೇ ಕಳೆದುಕೊಂಡರಂತೆ ಎಂದು.